ಇಂಟರ್ವಲ್ಲಿಗೊಂದು ಮನೆ ಬೇಕಿತ್ತು!

ಈ ವಾರ ಈ ಪುಟದಲ್ಲಿ ಮುಹೂರ್ತದ ಸುದ್ದಿ ಇಲ್ಲ ಮಿತ್ರರೆ, ಗಾಂಧಿನಗರದ ಗುಸುಗುಸು ಇಲ್ಲ. ಆದರೆ ನಾಯಕಿ ಇದ್ದಾಳೆ! ವಯಸ್ಸು ಹತ್ತು. ಬಾಯಲ್ಲಿ ಅರ್ಧಕ್ಕರ್ಧ ಹಲ್ಲಿಲ್ಲ. ಬಲ ಹಿಂಗಾಲು ಕುಂಟು. ಮೈಬಣ್ಣ ಹುರಿದ ಕಡಲೆಕಾಯಿ ಸಿಪ್ಪೆಯದು, ಮೂತಿ ಸುತ್ತ ಮಾತ್ರ ನರೆತು ಬೂದಿ ಮೆತ್ತಿದ ಹಾಗಿದೆ. ಹೆಸರು ಇಂಟರ್ವಲ್.

ನಗಬೇಡಿ. ಹೆಸರಿಟ್ಟವರು ತುಮಕೂರಿನ ಒಂದು ಹಳೇ ಟಾಕೀಸಿನ ಗೇಟ್‌ಕೀಪರ್. ಅವರ ನಿಜವಾದ ಹೆಸರು ಯಾರೂ ಕರೆದದ್ದು ನಾನು ಕೇಳಿಲ್ಲ. ಬಾಲ್ಕನಿಯವರಿಂದ ಹಿಡಿದು ಗಾಂಧಿಕ್ಲಾಸಿನವರೆಗೆ ಎಲ್ಲರಿಗೂ ಅವರು ‘ಗೇಟಣ್ಣ’. ಇಸವಿ ಕೇಳಿದರೆ ಸಿನಿಮಾ ಹೇಳುವ ಮನುಷ್ಯ. ಮಗಳ ಮದುವೆ ಯಾವಾಗ ಆಯ್ತಣ್ಣ ಅಂದ್ರೆ “ಮುಂಗಾರು ಮಳೆ ಓಡ್ತಿತ್ತಲ್ಲ, ಆಗ” ಅಂತಾರೆ. ಈ ನಾಯಿ ಸಿಕ್ಕಿದ್ದು ಯಾವಾಗ ಅಂದ್ರೆ, “ರಂಗಿತರಂಗ ಹಾಕಿದ್ದಾಗ ಕಣಪ್ಪ. ಸೈಕಲ್ ಸ್ಟ್ಯಾಂಡಲ್ಲಿ ಮಳೆಗೆ ನಡುಗ್ತಾ ಕೂತಿತ್ತು, ಒಂದು ಮುಷ್ಟಿ ಗಾತ್ರ.” ಅಂದರೆ 2015ರ ಮಳೆಗಾಲ.

ದೊಡ್ಡದಾದ ಮೇಲೆ ಇಂಟರ್ವಲ್ ಬೆಲ್ಲು ಹೊಡೆದದ್ದೇ ತಡ, ಎಲ್ಲಿದ್ದರೂ ಓಡಿ ಬಂದು ಬೋಂಡಾ ಅಂಗಡಿ ಮುಂದೆ ಹಾಜರು. ದಿನಕ್ಕೆ ನಾಲ್ಕು ಆಟ, ನಾಲ್ಕು ಸಲ ಹಾಜರು. ಬೆಲ್ಲು ಕೆಟ್ಟ ದಿನವೂ ಟೈಮು ತಪ್ಪಲಿಲ್ಲವಂತೆ! ನನಗೆ ಆ ನಾಯಿ ಚೆನ್ನಾಗಿ ಗೊತ್ತು. ಪಿಯುಸಿಯಲ್ಲಿ ನನ್ನ ಹಾಜರಿ ಕಾಲೇಜಿಗಿಂತ ಆ ಟಾಕೀಸಿನಲ್ಲೇ ಜಾಸ್ತಿ. ಕಾಲೇಜು ಬಿಟ್ಟ ವರ್ಷ ಮ್ಯಾಟಿನಿ ಮುಗಿದ ಮೇಲೆ ಮನೆಗೆ ಹೋಗಲು ಮುಖವಿಲ್ಲದೆ ಅದೇ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಪಕ್ಕದಲ್ಲಿ ಬಂದು ಕೂತು ಏನೂ ಕೇಳದೆ ಇದ್ದ ಜೀವ ಅದೊಂದೇ.

ಆ ಟಾಕೀಸಿನ ಚರಿತ್ರೆ ಆಕೆಯ ಚರಿತ್ರೆಯೂ ಹೌದು. 2018ರ ಡಿಸೆಂಬರಿನಲ್ಲಿ ಕೆ.ಜಿ.ಎಫ್. ಬಂದ ದಿನ ಕಟೌಟಿನ ಮುಂದೆ ಸರಪಟಾಕಿ ಹಚ್ಚಿದ್ದಕ್ಕೆ ಎರಡು ದಿನ ಪ್ರೊಜೆಕ್ಟರ್ ರೂಮಿನ ಮೆಟ್ಟಿಲ ಕೆಳಗಿಂದ ಈಚೆಗೆ ಬರಲಿಲ್ಲ. 2022ರ ಮಾರ್ಚ್ 17, ಅಪ್ಪು ಅವರ ಹುಟ್ಟುಹಬ್ಬದಂದು ‘ಜೇಮ್ಸ್’ ಬಂದಾಗ ಅಭಿಮಾನಿಗಳು ಅನ್ನದಾನ ಮಾಡಿದರು. ಇಂಟರ್ವಲ್ ಅವತ್ತು ಬೆಲ್ಲಿಗೂ ಏಳದಷ್ಟು ತಿಂದಿದ್ದಳು. ಅದೇ ವರ್ಷ ಜೂನ್ 10ಕ್ಕೆ ‘777 ಚಾರ್ಲಿ’ ಬಂತು. ಅಬ್ಬಾ, ಆ ವಾರ! ಕಣ್ಣೊರೆಸಿಕೊಂಡು ಆಚೆ ಬಂದ ಹುಡುಗರ ಎದುರಿಗೆ ಗೇಟಿನಲ್ಲೇ ಒಂದು ಜೀವಂತ ನಾಯಿ. ಒಬ್ಬೊಬ್ಬರೂ ಒಂದೊಂದು ಬಿಸ್ಕತ್ತು ಪೊಟ್ಟಣ ಹಾಕಿದ್ದೇ ಹಾಕಿದ್ದು. ಸಿನಿಮಾ ಎತ್ತಂಗಡಿ ಆಯ್ತು, ಬಿಸ್ಕತ್ತೂ ಎತ್ತಂಗಡಿ ಆಯ್ತು.

2023ರಲ್ಲಿ ಟಾಕೀಸಿಗೆ ಬೀಗ ಬಿತ್ತು. ಎರಡು ವರ್ಷ ಹಾಗೇ ಇದ್ದು ಆಮೇಲೆ ಒಡೆದರು. ಗೇಟಣ್ಣನನ್ನು ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಮೂರನೇ ಮಹಡಿಯ ಬಾಡಿಗೆ ಮನೆ, ನಾಯಿ ತರುವ ಹಾಗಿಲ್ಲ ಅಂತ ಓನರ್ ಕರಾರಿನಲ್ಲೇ ಬರೆಸಿಕೊಂಡಿದ್ದರು. ಇಂಟರ್ವಲ್ ತಗಡಿನ ಶೀಟು ಬಡಿದ ಖಾಲಿ ಜಾಗದ ಮುಂದೆ ಹಗಲೆಲ್ಲ ಕೂತು, ರಾತ್ರಿ ಬಸ್ ಸ್ಟ್ಯಾಂಡಿನಲ್ಲಿ ಮಲಗುವುದನ್ನು ರೂಢಿ ಮಾಡಿಕೊಂಡಳು. ನಾನು ಬೆಂಗಳೂರಿಗೆ ಬಸ್ಸು ಹತ್ತುವಾಗೆಲ್ಲ ನೋಡುತ್ತಿದ್ದೆ. ಒಂದು ಬನ್ನು ಹಾಕಿ ಬಸ್ಸು ಹತ್ತುತ್ತಿದ್ದೆ. ಅಷ್ಟಕ್ಕೇ ದೊಡ್ಡ ಉಪಕಾರ ಮಾಡಿದೆ ಅಂದುಕೊಂಡಿದ್ದೆ ಕೂಡ!

ತೆರೆಯ ಮೇಲಿನ ನಾಯಿಗೆ ವಯಸ್ಸಾಗುವುದಿಲ್ಲ

ನಮ್ಮ ಸಿನಿಮಾ ನಾಯಿಗಳನ್ನೇ ನೋಡಿ. ಶಂಕರನಾಗ್ ನಟಿಸಿದ ‘ತಾಳಿಯ ಭಾಗ್ಯ’ (1984) ಹಿಂದಿಗೆ ಹೋಗಿ ಮರುವರ್ಷ ‘ತೇರಿ ಮೆಹರ್‌ಬಾನಿಯಾ’ ಆಯಿತಲ್ಲ, ಅದರಲ್ಲಿ ಜಾಕಿ ಶ್ರಾಫ್ ಸತ್ತ ಮೇಲೆ ನಾಯಿಯೇ ಹೀರೋ. ಖಳರನ್ನು ಹುಡುಕಿ ಹುಡುಕಿ ಸೇಡು ತೀರಿಸಿಕೊಳ್ಳುತ್ತದೆ. ಕಿರಣ್‌ರಾಜ್ ನಿರ್ದೇಶನದ ಚಾರ್ಲಿಯ ವಿಷಯ ನಿಮಗೆ ಹೇಳಬೇಕಿಲ್ಲ. 69ನೇ ರಾಷ್ಟ್ರಪ್ರಶಸ್ತಿಗಳಲ್ಲಿ ಅತ್ಯುತ್ತಮ ಕನ್ನಡ ಚಿತ್ರ ಅಂತ ಗೆದ್ದಿದ್ದು ಅದೇ. ತೆರೆಯ ಮೇಲೆ ನಾಯಿ ಸಾಯಬಹುದು, ಸೇಡು ತೀರಿಸಿಕೊಳ್ಳಬಹುದು. ಮುದಿಯಾಗಿ, ಕಿವಿ ಮಂದವಾಗಿ, ಮೆಟ್ಟಿಲು ಹತ್ತಲಾರದೆ ನಿಂತ ನಾಯಿಯನ್ನು ಯಾವ ಕ್ಯಾಮೆರಾಮನ್ನೂ ತೋರಿಸಲಿಲ್ಲ.

ಜಪಾನಿನ ಹಾಚಿಕೋ ಕಥೆ ಕೇಳಿದ್ದೀರಿ. 1925ರಲ್ಲಿ ಯಜಮಾನ ಪ್ರೊಫೆಸರರು ತೀರಿಕೊಂಡ ಮೇಲೂ ಶಿಬುಯಾ ರೈಲ್ವೆ ಸ್ಟೇಷನ್ನಿಗೆ ದಿನಾ ಹೋಗಿ ಕಾಯುತ್ತಿದ್ದ ನಾಯಿ. 1935ರಲ್ಲಿ ಸಾಯುವವರೆಗೂ ಕಾಯಿತು. ರಿಚರ್ಡ್ ಗೇರ್ ಅದನ್ನು 2009ರಲ್ಲಿ ಇಂಗ್ಲಿಷಿನಲ್ಲಿ ಮಾಡಿ ಜಗತ್ತನ್ನೇ ಅಳಿಸಿದ. ಆದರೆ ಆ ಹತ್ತು ವರ್ಷ ಅದಕ್ಕೆ ಊಟ ಹಾಕಿದವರು ಯಾರು? ಪ್ರೊಫೆಸರರ ಮನೆಯಲ್ಲಿ ತೋಟದ ಕೆಲಸ ಮಾಡಿಕೊಂಡಿದ್ದ ಒಬ್ಬ ಮಾಲಿ ಅದನ್ನು ಸಾಕಿಕೊಂಡಿದ್ದ. ಸ್ಟೇಷನ್ನಿಗೆ ಹೋದ ನಾಯಿಯ ಪ್ರತಿಮೆ ಇದೆ. ಮಾಲಿಯ ಮನೆಯನ್ನು ಯಾರು ಕೇಳ್ತಾರೆ? ತಗಡಿನ ಶೀಟಿನ ಮುಂದೆ ಕೂತ ಇಂಟರ್ವಲ್ಲನ್ನು ನೋಡಿದಾಗಲೆಲ್ಲ ನನಗೆ ಪ್ರತಿಮೆಯಷ್ಟೇ ನೆನಪಾಗುತ್ತಿತ್ತು, ಮಾಲಿ ನೆನಪಾಗುತ್ತಿರಲಿಲ್ಲ. ಆ ತಪ್ಪು ನನ್ನದೇ.

2025ರ ದೀಪಾವಳಿ. ಪಟಾಕಿ ಸದ್ದಿಗೆ ಹೆದರಿ ಕಣ್ಣು ಮುಚ್ಚಿ ಓಡಿ ಆಟೋಗೆ ಸಿಕ್ಕಿದಳು. ಊರಿನಲ್ಲಿ ನಾಲ್ಕೈದು ಜನ ಹುಡುಗರು, ಒಬ್ಬ ಹುಡುಗಿ ಸೇರಿಕೊಂಡು ಗಾಯಗೊಂಡ ನಾಯಿ ಬೆಕ್ಕು ಎತ್ತಿಕೊಂಡು ಬಂದು ಊರಾಚೆ ಶೆಡ್ಡಿನಲ್ಲಿ ಸಾಕುತ್ತಾರೆ. ಇವರೇ ಎತ್ತಿಕೊಂಡು ಹೋದರು. ಆ ಹುಡುಗಿ ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಸಂಬಳದ ಅರ್ಧ ಶೆಡ್ಡಿಗೇ. ನಾವೆಲ್ಲ ನಾಯಕಿ ಅಂದ್ರೆ ಯಾರ್ಯಾರನ್ನೋ ಅಂದುಕೊಳ್ತೀವಿ!

ಪಶು ಆಸ್ಪತ್ರೆಗೆ ನಾನೂ ಜೊತೆಗೆ ಹೋದೆ. ಡಾಕ್ಟರು ಬಾಯಿ ಬಿಡಿಸಿ ಹಲ್ಲು ನೋಡಿ ಹತ್ತರ ಸುಮಾರು ಅಂದರು, ಗೇಟಣ್ಣನ ಸಿನಿಮಾ ಲೆಕ್ಕ ತಪ್ಪಾಗಿರಲಿಲ್ಲ. ಕಿವಿಯ ತುದಿ ಸಣ್ಣಗೆ ಕತ್ತರಿಸಿತ್ತು. ನಾನು ಯಾವುದೋ ಜಗಳದ ಗಾಯ ಅಂದುಕೊಂಡಿದ್ದೆ. ಅದು ಸಂತಾನಹರಣ ಆಪರೇಷನ್ ಆಗಿದೆ ಅನ್ನುವ ಗುರುತು ಅಂತ ಗೊತ್ತಾಗಿದ್ದು ಆಗಲೇ. ಮೂಳೆ ಮುರಿದಿರಲಿಲ್ಲ. ಆದರೆ ಸೊಂಟದ ಕೀಲು ಸವೆದಿದೆ, ಈ ಕುಂಟು ಪೂರ್ತಿ ಹೋಗೋದಿಲ್ಲ, ಮೆಟ್ಟಿಲು ಬೇಡ, ಜಾರುವ ನೆಲ ಬೇಡ, ಮೈ ತೂಕ ಏರಬಾರದು ಅಂದರು. ಅಷ್ಟರಲ್ಲಿ ಪಕ್ಕದಲ್ಲಿದ್ದ ಯಾರೋ, “ಸಾರ್, ನಮ್ಮ ಮನೇಲಿ ಮೈಕೈ ನೋವಿನ ಮಾತ್ರೆ ಇದೆ, ಅರ್ಧ ಕೊಡ್ಲಾ?” ಅಂದಿದ್ದಕ್ಕೆ ಡಾಕ್ಟರು ಬೈದದ್ದು ಆಸ್ಪತ್ರೆಗೆಲ್ಲ ಕೇಳಿಸಿತು. ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆಗಳು ನಾಯಿಯ ಲಿವರ್, ಕಿಡ್ನಿ, ಹೊಟ್ಟೆ ಕೆಡಿಸಿ ಪ್ರಾಣಕ್ಕೇ ಬರುತ್ತವಂತೆ. ನಿಮ್ಮ ಮನೆಯಲ್ಲೂ ನಾಯಿ ಇದ್ದರೆ ಈ ಒಂದು ಮಾತು ಗೋಡೆ ಮೇಲೆ ಬರೆದಿಟ್ಟುಕೊಳ್ಳಿ.

ಗಾಯ ಮಾಗಿತು. ಬಸ್ ಸ್ಟ್ಯಾಂಡಿಗೇ ವಾಪಸು ಬಿಡೋಣ ಅನ್ನುವಷ್ಟರಲ್ಲಿ ನವೆಂಬರ್ 7 ಬಂತು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣದಂಥ ಜಾಗಗಳಿಂದ ಬೀದಿನಾಯಿಗಳನ್ನು ಹಿಡಿದು, ಸಂತಾನಹರಣ ಮಾಡಿಸಿ ಲಸಿಕೆ ಹಾಕಿಸಿ ಆಶ್ರಯತಾಣಕ್ಕೆ ಸಾಗಿಸಬೇಕು, ಹಿಡಿದ ಜಾಗಕ್ಕೇ ಮತ್ತೆ ಬಿಡಬಾರದು ಅಂತ ಸುಪ್ರೀಂ ಕೋರ್ಟು ಆದೇಶ ಹೊರಡಿಸಿತು. ಅದರ ಸರಿ ತಪ್ಪು ನಾನು ಇಲ್ಲಿ ಮಾತಾಡೋದಿಲ್ಲ. ನಾಯಿ ಕಚ್ಚಿದ ಮಗುವಿನ ತಾಯಿಯ ಮುಂದೆ ನಿಂತು ಮಾತಾಡುವ ಯೋಗ್ಯತೆ ನನಗಿಲ್ಲ. ನಮ್ಮ ಪಾಲಿಗೆ ಅದರ ಅರ್ಥ ಇಷ್ಟೇ: ಇಂಟರ್ವಲ್ಲಿಗೆ ಟಾಕೀಸಿಲ್ಲ, ಬಸ್ ಸ್ಟ್ಯಾಂಡೂ ಇಲ್ಲ. ಶೆಡ್ಡಿನಲ್ಲಿ ಆಗಲೇ ಮೂವತ್ತಕ್ಕೂ ಮೇಲೆ ನಾಯಿಗಳು. ಎಳೆಯ ನಾಯಿಗಳು ಮುಂದೆ ನುಗ್ಗಿ ತಟ್ಟೆ ಖಾಲಿ ಮಾಡುತ್ತಿದ್ದವು. ಈಕೆ ಹಿಂದಿನ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ಮನೆ ಹುಡುಕಬೇಕು ಅಂದಳು ಹುಡುಗಿ. “ನಂಗೆ ಬಿಡಮ್ಮ” ಅಂದೆ ನಾನು. ಪ್ರಚಾರ ನನ್ನ ಕಸುಬಲ್ಲವೇ!

ಪೋಸ್ಟರ್ ಬರೆದು ಕೆಟ್ಟೆ

ಮೊದಲು ಆದದ್ದನ್ನು ಮುಚ್ಚಿಡದೆ ಹೇಳ್ತೀನಿ. ನಾಯಿ ಬೇಕು ಅನ್ನುವವರು ಶೆಡ್ಡಿಗೆ ಬರುತ್ತಾರೆ. ಬಂದವರೆಲ್ಲ ಕೇಳೋದು ಎರಡೇ: “ಲ್ಯಾಬ್ರಡಾರ್ ಇದ್ಯಾ?” “ಮರಿ ಇದ್ಯಾ?” ಹತ್ತು ವರ್ಷದ ನಾಡುನಾಯಿ ಅಂದರೆ, “ಅಯ್ಯೋ ಪಾಪ” ಅಂತ ಫೋಟೋ ತೆಗೆದುಕೊಂಡು ಹೊರಟುಬಿಡ್ತಾರೆ. ಇದನ್ನು ನೋಡಿ ನಾನು ಜಾಣನಾದೆ. ಟಾಕೀಸಿನ ದಿನಗಳ ಹಳೇ ಫೋಟೋ ಹುಡುಕಿದೆ. ಮೊಬೈಲಿನಲ್ಲಿ ಹಂಚುವುದಕ್ಕೆ ಒಂದು ಪ್ರಕಟಣೆ ಬರೆದೆ. “ತುಮಕೂರಿನ ಚಾರ್ಲಿ! ನಾಲ್ಕು ವರ್ಷದ ಚುರುಕಿನ ಚೆಲುವೆ!” ಅಂತ. ಸೋತ ಸಿನಿಮಾಗೆ ‘ಅಭೂತಪೂರ್ವ ಯಶಸ್ಸಿನ ಮೂರನೇ ವಾರ’ ಅಂತ ಬರೆದು ಅಭ್ಯಾಸವಾದ ಕೈ, ಕೇಳಬೇಕೆ?

ಎರಡೇ ದಿನಕ್ಕೆ ಮನೆ ಸಿಕ್ಕಿತು. ಹೊಸ ಬಡಾವಣೆಯ ಒಬ್ಬ ತರುಣ, ಚಾರ್ಲಿಯನ್ನು ನಾಲ್ಕು ಸಲ ನೋಡಿದವನು. ಒಳ್ಳೇ ಹುಡುಗ, ಸುಳ್ಳು ಹೇಳಲಾರೆ. ಕೊರಳಿಗೆ ಕೆಂಪು ಕರ್ಚೀಫು ಕಟ್ಟಿ ಮೊದಲ ದಿನವೇ ರೀಲ್ಸ್ ಮಾಡಿದ. ಹುಡುಗಿ ಮನೆ ನೋಡಿಕೊಂಡು ಬರಬೇಕು ಅಂದಳು, “ನಾನು ನೋಡಿದ್ದೀನಿ ಬಿಡಿ” ಅಂದೆ. ನೋಡಿರಲಿಲ್ಲ. ನೋಡಿದ್ದರೆ ಕಾಣುತ್ತಿತ್ತು: ಕನ್ನಡಿ ಹಾಗೆ ಹೊಳೆಯುವ ಟೈಲ್ಸ್ ನೆಲ, ನಾಯಿಗೆ ಜಾಗ ಟೆರೇಸಿನ ಮೇಲೆ, ಅದಕ್ಕೆ ಇಪ್ಪತ್ತೆರಡು ಮೆಟ್ಟಿಲು.

ಹನ್ನೊಂದನೇ ದಿನ ವಾಪಸು ತಂದು ಬಿಟ್ಟ. “ಅಣ್ಣ, ಇದು ಓಡಲ್ಲ, ಬಾಲ್ ಹಿಡಿಯಲ್ಲ, ಕರೆದ್ರೆ ತಿರುಗಿ ನೋಡಲ್ಲ. ಇದ್ದ ಕಡೆನೇ ನಿಂತಿರ್ತದೆ. ನಮ್ಮಮ್ಮನಿಗೆ ಎತ್ತಿ ಇಳಿಸೋಕೆ ಆಗಲ್ಲ.” ಜಾರುವ ನೆಲದ ಮೇಲೆ ಸವೆದ ಸೊಂಟದ ನಾಯಿ ಹೇಗೆ ನಡೆದೀತು? ಕಿವಿ ಮಂದವಾದದ್ದು ಅವನಿಗೆ ಹೇಳಿದವರಾರು? ಅವನದೇನು ತಪ್ಪು ಹೇಳಿ. ನಾಲ್ಕು ವರ್ಷದ ಚುರುಕಿನ ಚೆಲುವೆಯನ್ನು ಕೇಳಿದ್ದ, ಹತ್ತು ವರ್ಷದ ಮುದುಕಿಯನ್ನು ಕೊಟ್ಟಿದ್ದೆ. ಟಿಕೆಟ್ ದುಡ್ಡು ವಾಪಸು ಕೇಳಿದ ಪ್ರೇಕ್ಷಕ ಅಷ್ಟೇ ಅವನು.

ಇಂಟರ್ವಲ್ ನಾಲ್ಕು ದಿನ ಊಟ ಮುಟ್ಟಲಿಲ್ಲ. ಮುದಿ ನಾಯಿಗೆ ಒಂದು ಸಲ ಜಾಗ ಬದಲಾದರೇ ಕಷ್ಟ, ನಾನು ತಿಂಗಳಲ್ಲಿ ಎರಡು ಸಲ ಬದಲಾಯಿಸಿದ್ದೆ. ಐದನೇ ದಿನ ಹುಡುಗಿ ಅನ್ನ, ಮೊಟ್ಟೆ ಕಿವುಚಿ ಬೆರಳಲ್ಲಿ ನೆಕ್ಕಿಸಿದಳು. ನನ್ನ ಕಡೆ ತಿರುಗದೇ ಹೇಳಿದಳು: “ಅಣ್ಣ, ಇನ್ನು ಪೋಸ್ಟರ್ ಬರೀಬೇಡಿ. ಇರೋದನ್ನ ಬರೀರಿ.”

ಬರೆದೆ. ಹುಡುಗಿ ಹೇಳಿದ್ದನ್ನೆಲ್ಲ ಸೇರಿಸಿ, ನನ್ನ ವಿಶೇಷಣಗಳನ್ನೆಲ್ಲ ಹೊಡೆದುಹಾಕಿ. ಸಂಪಾದಕರ ಹತ್ತಿರ ತೆಗೆದುಕೊಂಡು ಹೋದರೆ, “ಸಿನಿಮಾ ಪತ್ರಿಕೇಲಿ ನಾಯಿ ಜಾಹೀರಾತೇನಯ್ಯ?” ಅಂದರು. ಓದಿದ ಮೇಲೆ ಏನನ್ನಿಸಿತೋ, ನಡುಪುಟದ ನಾಯಕಿಯ ಬಣ್ಣದ ಚಿತ್ರದ ಹಿಂಬದಿಯಲ್ಲಿ ಎರಡಿಂಚು ಜಾಗ ಕೊಟ್ಟರು. ನಿಮ್ಮಲ್ಲಿ ಕೆಲವರು ಅದನ್ನು ಗೋಡೆಗೆ ಅಂಟಿಸಿರುತ್ತೀರಿ, ಹಿಂದೆ ಏನಿತ್ತು ಗೊತ್ತಿರಲಾರದು. ಇದಿತ್ತು:

“ಹೆಣ್ಣು ನಾಯಿ. ನಾಡುತಳಿ. ವಯಸ್ಸು 10. ಒಂದು ಕಾಲು ಕುಂಟು, ಅದು ಸರಿಹೋಗುವುದಿಲ್ಲ. ಕಿವಿ ಮಂದ. ಗಟ್ಟಿ ತಿನ್ನಲಾರದು. ಪಟಾಕಿಗೆ ಸಾಯುವಷ್ಟು ಹೆದರುತ್ತದೆ. ದಿನದ ಬಹುಪಾಲು ನಿದ್ದೆ. ಕಾವಲಿಗೆ ಆಗದು. ಚಪ್ಪಲಿ ಕಡಿಯುವುದಿಲ್ಲ, ಮನೆಯೊಳಗೆ ಗಲೀಜು ಮಾಡುವುದಿಲ್ಲ. ಯಾರನ್ನೂ ಕಚ್ಚಿಲ್ಲ. ಆಪರೇಷನ್ ಆಗಿದೆ, ಲಸಿಕೆ ಆಗಿದೆ. ಪಕ್ಕದಲ್ಲಿ ಸುಮ್ಮನೆ ಕೂರುತ್ತದೆ. ಇನ್ನು ಎಷ್ಟು ವರ್ಷ ಎಂದು ಹೇಳಲಾಗದು. ಕಟ್ಟಿಹಾಕುವವರು ಬರಬೇಡಿ.”

ಒಂಬತ್ತು ಫೋನು ಬಂದವು. ಮೂವರಿಗೆ ಲ್ಯಾಬ್ರಡಾರ್ ಮರಿ ಬೇಕಿತ್ತು. ಇಬ್ಬರಿಗೆ ತೋಟದಲ್ಲಿ ಸರಪಣಿ ಹಾಕಿ ಕಟ್ಟಲು ನಾಯಿ ಬೇಕಿತ್ತು, ಓದಿದ ಮೇಲೂ! ಒಬ್ಬರು ರೇಟು ಎಷ್ಟು ಅಂದರು. ಇಬ್ಬರಿಗೆ ಬೇಕಾಗಿದ್ದು ಹಿಂಬದಿಯ ನಾಯಕಿಯ ನಂಬರು. ಅವರಿಗೂ ಒಳ್ಳೇದಾಗಲಿ.

ಒಂಬತ್ತನೆಯದು ಒಬ್ಬ ಪಿಯುಸಿ ಹುಡುಗನದು. “ಸಾರ್, ನಾನು ನಿಮ್ಮ ಪತ್ರಿಕೆ ಓದುಗ, ತಿಪಟೂರು ರಸ್ತೆ ಕೆ.ಬಿ. ಕ್ರಾಸಿನಿಂದ. ಚಿತ್ರ ಅಂಟಿಸೋಕೆ ಮುಂಚೆ ಹಿಂದೆ ಇದ್ದದ್ದನ್ನ ನಮ್ಮಜ್ಜಿಗೆ ಓದಿ ಹೇಳ್ದೆ. ಅಜ್ಜಿ ಮಾತಾಡ್ಬೇಕಂತೆ.”

ಅಜ್ಜಿ ಫೋನಿನಲ್ಲಿ ಕೂಗಿಯೇ ಮಾತಾಡುವವರು. “ಏನಪ್ಪಾ, ಹತ್ತು ವರ್ಷ ಅಂದ್ಯಲ್ಲ, ದಿಟವಾ?”

“ದಿಟ ಅಜ್ಜಿ.”

“ಹಂಗಾದ್ರೆ ನಂಗೇ ಕೊಡು. ಮರಿ ತರ್ತೀನಿ ಅಂತಾನೆ ಮೊಮ್ಮಗ. ಮರಿ ತಂದ್ರೆ ಅದಿನ್ನೂ ಹದಿನೈದು ವರ್ಷ ಬಾಳ್ತದೆ. ನಾನು ಅಲ್ಲೀಗಂಟ ಇರ್ತೀನಾ? ನಾನು ಹೋದ್ಮೇಲೆ ಅದ್ನ ಬೀದಿಗೆ ಬಿಡೋರ್ಯಾರು? ಇದಾದ್ರೆ ನಂಗೂ ಅದ್ಕೂ ಸಮಾ ಆಗ್ತದೆ.”

ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ನಮಗೆ ಕುಂದಾಗಿ ಕಂಡ ವಯಸ್ಸೇ ಅಜ್ಜಿಗೆ ಬೇಕಾಗಿದ್ದ ಗುಣ!

ಈ ಸಲ ಹುಡುಗಿಯೇ ಮೊದಲು ಹೋಗಿ ಮನೆ ನೋಡಿದಳು. ರಾತ್ರಿ ಎಲ್ಲಿ ಮಲಗಿಸ್ತೀರಿ, ಹಗಲು ಮನೇಲಿ ಯಾರಿರ್ತಾರೆ, ನೀವು ಊರಿಗೆ ಹೋದ್ರೆ ಊಟ ಯಾರು ಹಾಕ್ತಾರೆ? ಅವಳು ಎಲ್ಲರಿಗೂ ಕೇಳುವುದು ಇವೇ. ಅಜ್ಜಿಯದು ರಸ್ತೆ ಬದಿ ಸಣ್ಣ ಇಡ್ಲಿ ಹೋಟೆಲು, ಹಿಂದೆಯೇ ಮನೆ. ಒರಟು ಗಾರೆ ನೆಲ, ಒಂದೂ ಮೆಟ್ಟಿಲಿಲ್ಲ. ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ಹಿಂದೆ ಒಂದು ನಾಯಿ ಇತ್ತಂತೆ, ಅಂಗಳದಲ್ಲಿ ಮಲಗಿದ್ದಾಗ ಚಿರತೆ ಎತ್ತಿಕೊಂಡು ಹೋಯಿತಂತೆ. ಆ ಸೀಮೆಯಲ್ಲಿ ಅದು ಹೊಸದಲ್ಲ. “ಅವತ್ತಿಂದ ನಾಯಿ ಅಂದ್ರೆ ಒಳಗೇ, ನನ್ ಮಂಚದ ಕೆಳಗೇ” ಅಂದರು ಅಜ್ಜಿ. ಹುಡುಗಿ ಫೋನಿನಲ್ಲಿ ನನಗೆ ಹೇಳಿದ್ದು ಒಂದೇ ಮಾತು: “ಅಣ್ಣ, ನೆಲ ಚೆನ್ನಾಗಿದೆ.”

ಅರ್ಧ ಟಿಕೆಟ್ಟಿನ ಪ್ರಯಾಣ

ಸಂಕ್ರಾಂತಿ ಕಳೆದು ಎರಡನೇ ಭಾನುವಾರ. ಬೆಂಗಳೂರಿನಿಂದ ಮೊದಲ ಬಸ್ಸಿಗೇ ಗೇಟಣ್ಣ ಬಂದಿಳಿದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರಲ್ಲಿ ಹಳೇ ಖಾಕಿ ಷರಟು. ಟಾಕೀಸಿನ ಯೂನಿಫಾರಂ. ಹೊಸ ಜಾಗಕ್ಕೆ ಹೋಗುವ ನಾಯಿಗೆ ಗೊತ್ತಿರುವ ವಾಸನೆಯ ಬಟ್ಟೆ ಒಂದು ಜೊತೆಗಿದ್ದರೆ ಒಳ್ಳೇದು, ಒಗೀಬೇಡಿ ಅಂತ ಹುಡುಗಿ ಹೇಳಿದ್ದಳು. “ಒಗೆದಿಲ್ಲಮ್ಮ. ಟಾಕೀಸ್ ಮುಚ್ಚಿದ ದಿನ ತೆಗೆದಿಟ್ಟದ್ದು” ಅಂದರು.

ಶೆಡ್ಡಿನ ಬಾಗಿಲು ತೆಗೆದಾಗ ಇಂಟರ್ವಲ್ ಗೋಡೆಗೆ ಮುಖ ಮಾಡಿಯೇ ಮಲಗಿದ್ದಳು. ಗೇಟಣ್ಣ ಕರೆಯಲಿಲ್ಲ. ಕರೆದರೂ ಅವಳ ಕಿವಿಗೆ ಬೀಳುತ್ತಿರಲಿಲ್ಲ. ಸುಮ್ಮನೆ ಹೋಗಿ ನಾಲ್ಕು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತರು. ಮೊದಲು ಮೂಗು ಅಲ್ಲಾಡಿತು. ಆಮೇಲೆ ತಲೆ ಎತ್ತಿದಳು. ಆ ಕುಂಟು ಕಾಲು ಎಳೆದುಕೊಂಡು ಬಂದ ರೀತಿ ಬರೆಯಲು ನನಗೆ ಬರುವುದಿಲ್ಲ. ಬಂದು ಅವರ ಮಂಡಿ ಸಂದಿಗೆ ತಲೆ ತುರುಕಿ ನಿಂತುಬಿಟ್ಟಳು. ಗೇಟಣ್ಣ ಅವಳ ಬೆನ್ನು ಸವರುತ್ತಾ, “ಏನ್ ತೆಳ್ಳಗಾಗಿದೀಯೇ, ಏನ್ ತೆಳ್ಳಗಾಗಿದೀಯೇ” ಅಂತ ಅದನ್ನೇ ಅಂದರು. ಶೆಡ್ಡಿನ ಹುಡುಗರು ಒಬ್ಬೊಬ್ಬರೇ ಆಚೆ ಹೋದರು, ಏನೋ ಕೆಲಸ ಇರುವವರ ಹಾಗೆ.

ಅವರೂ ಕೆ.ಬಿ. ಕ್ರಾಸಿಗೆ ಬರಬೇಕು ಅಂದರು. ಹುಡುಗಿ ಒಪ್ಪಲಿಲ್ಲ. “ತಾತ, ನೀವು ಬಂದು ಅಲ್ಲಿ ಬಿಟ್ಟು ಹೊರಟ್ರೆ ಇನ್ನೊಂದು ಸಲ ಬಿಟ್ಟುಹೋದ್ರು ಅಂತ ಆಗುತ್ತೆ. ಮೂರು ತಿಂಗಳು ಕಳೀಲಿ, ಆಮೇಲೆ ಬನ್ನಿ.” ನಾಯಿ ಸಾಕುವವರಲ್ಲಿ ಒಂದು ಲೆಕ್ಕ ಇದೆಯಂತೆ: ಮೊದಲ ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ರೀತಿ ತಿಳಿಯುತ್ತೆ, ಮೂರು ತಿಂಗಳಿಗೆ ತನ್ನ ಮನೆ ಅನ್ನಿಸುತ್ತೆ. ಎಲ್ಲ ನಾಯಿಗೂ ಕರಾರುವಾಕ್ಕಾಗಿ ಹೊಂದುವ ಲೆಕ್ಕವಲ್ಲ, ಆದರೂ ಕೈಯಲ್ಲಿ ಒಂದು ಅಂದಾಜು ಬೇಕಲ್ಲ. ಗೇಟಣ್ಣ ವಾದ ಮಾಡಲಿಲ್ಲ. ಬಸ್ ಸ್ಟ್ಯಾಂಡಿನವರೆಗೆ ಬಂದು, ಪೇಪರ್ ಅಂಗಡಿಯ ಹಿಂದೆ ನಿಂತುಕೊಂಡರು.

ಬಸ್ಸಿನಲ್ಲಿ ನಾಯಿಗೆ ಟಿಕೆಟ್ ಇದೆ ಗೊತ್ತೆ ನಿಮಗೆ? ಮೊದಲು ಫುಲ್ ಟಿಕೆಟ್ಟೇ ಇತ್ತು, 2022ರಲ್ಲಿ ಕೆಎಸ್ಸಾರ್ಟಿಸಿಯವರು ಅರ್ಧ ಮಾಡಿದರು. ನಮ್ಮ ಕಂಡಕ್ಟರು ಸರಸಿ. ಹುಡುಗಿಗೆ ಶಕ್ತಿ ಯೋಜನೆಯ ಫ್ರೀ ಟಿಕೆಟ್ ಹರಿದುಕೊಟ್ಟು, ನನ್ನದು ತೆಗೆದುಕೊಂಡು, ಸೀಟಿನ ಕೆಳಗೆ ನೋಡಿದರು.

“ಗಂಡೋ ಹೆಣ್ಣೋ?”

“ಹೆಣ್ಣು ಸಾರ್.”

“ಆಧಾರ್ ಕಾರ್ಡ್ ಇಲ್ವಾ? ಹಂಗಾದ್ರೆ ಅರ್ಧ ಕೊಡಿ!”

ಬಸ್ಸೆಲ್ಲ ನಕ್ಕಿತು. ಇಂಟರ್ವಲ್ ಖಾಕಿ ಷರಟಿನ ಮೇಲೆ ಮೂತಿ ಇಟ್ಟು ಗುಬ್ಬಿವರೆಗೆ ನಡುಗಿದಳು, ನಿಟ್ಟೂರು ದಾಟಿದ ಮೇಲೆ ನಿದ್ದೆ ಹೋದಳು.

ಅಜ್ಜಿ ಅವಳನ್ನು ಮುದ್ದಾಡಲಿಲ್ಲ, ಎತ್ತಲ್ಲಿಲ್ಲ. ಹುಡುಗಿ ಹೇಳಿಕೊಟ್ಟಿದ್ದಳೋ ಅಥವಾ ಅಜ್ಜಿಗೆ ಮೊದಲೇ ಗೊತ್ತಿತ್ತೋ, ನೀರಿನ ಬೋಗುಣಿ ಇಟ್ಟು ತನ್ನ ಪಾಡಿಗೆ ಹಿಟ್ಟು ರುಬ್ಬುತ್ತಾ ಕೂತರು. ಮಂಚದ ಕೆಳಗೆ ಗೋಣಿಚೀಲ, ಅದರ ಮೇಲೆ ಷರಟು. ಎರಡು ಹಗ್ಗ ಹಾಕಿಯೇ ಒಂದು ವಾರ ಆಚೆ ಕರೆದುಕೊಂಡು ಹೋಗಬೇಕು ಅಂತ ಹುಡುಗಿ ಮೊಮ್ಮಗನಿಗೆ ಮೂರು ಸಲ ಹೇಳಿದಳು. ಹೊಸ ಜಾಗದಲ್ಲಿ ಕಳೆದುಹೋಗುವ ನಾಯಿಗಳು ಹೆಚ್ಚಾಗಿ ಮೊದಲ ದಿನಗಳಲ್ಲೇ ತಪ್ಪಿಸಿಕೊಳ್ಳುತ್ತವಂತೆ. ಈರುಳ್ಳಿ ಹಾಕಿದ್ದು, ದ್ರಾಕ್ಷಿ, ಚಾಕೊಲೇಟ್ ಕೊಡಬಾರದು. ಇಡ್ಲಿ ಕೊಡಬಹುದು, ಚಟ್ನಿ ಬೇಡ.

“ಹಲ್ಲಿಲ್ದೋರಿಗೆ ಇಡ್ಲಿನೇ ಸರಿ ಬಿಡು” ಅಂದರು ಅಜ್ಜಿ. ಅವರಿಗೂ ಹಲ್ಲಿಲ್ಲ.

ಎರಡು ದಿನ ತಿನ್ನಲಿಲ್ಲ ಅಂತ ಫೋನು ಬಂತು. ನನಗೆ ನಿದ್ದೆ ಬರಲಿಲ್ಲ. ಮೂರನೇ ದಿನ ರಾತ್ರಿ ಮೊಮ್ಮಗನ ಫೋನು: “ಅಣ್ಣಾ, ಸಂಜೆ ಆರೂವರೆಗೆ ಮಂಚದ ಕೆಳಗಿಂದ ತಾನೇ ಎದ್ದು ಬಂದು ಒಲೆ ಮುಂದೆ ನಿಂತ್ಕೊಂಡ್ತು. ಅಜ್ಜಿ ಒಂದು ಇಡ್ಲಿ ಕೊಟ್ರೆ ತಿಂತು. ಯಾಕಣ್ಣ ಅಷ್ಟು ಟೈಮಿಗೆ ಸರಿಯಾಗಿ?” ಆರೂವರೆ ಅಂದರೆ ಫಸ್ಟ್ ಷೋ ಇಂಟರ್ವಲ್ ಕಣಪ್ಪ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಮಲ್ಟಿಪ್ಲೆಕ್ಸ್ ಕಾಲದ ಹುಡುಗ.

ಸಿನಿಮಾದವರಲ್ಲಿ ಈ ಕೆಲಸ ಮಾಡಿದವರು ಇಲ್ಲದೆ ಇಲ್ಲ. ರವಿಚಂದ್ರನ್ ಜೊತೆ ‘ಬಣ್ಣದ ಗೆಜ್ಜೆ’ಯಲ್ಲಿ (1990) ನಟಿಸಿದ ಅಮಲಾ ನೆನಪಿದ್ದಾರಲ್ಲ? 1992ರಲ್ಲಿ ಹೈದರಾಬಾದಿನಲ್ಲಿ ಬ್ಲೂ ಕ್ರಾಸ್ ಕಟ್ಟಿ, ಗಾಯಗೊಂಡ ಪ್ರಾಣಿಗಳಿಗೆ ಆಶ್ರಯ ಮಾಡಿದವರು. ಬೆಂಗಳೂರಿನಲ್ಲಿ 1991ರಿಂದ ಕ್ಯೂಪಾ ಸಂಸ್ಥೆ ಇದೆ. ಅಂಥ ಕಡೆ ಹೋದರೆ ಮರಿಗಳ ಪಂಜರ ದಾಟಿ ಹಿಂದಿನ ಮೂಲೆಯವರೆಗೂ ಒಂದು ಸಲ ನಡೆದು ನೋಡಿ, ಅಷ್ಟೇ ನಾನು ಕೇಳೋದು. ಬಾಡಿಗೆ ಮನೆಯಾದರೆ ಓನರನ್ನು ಮೊದಲು ಕೇಳಿ. ಮನೆಯಲ್ಲಿ ಅಮ್ಮನನ್ನು ಅದಕ್ಕೂ ಮೊದಲು ಕೇಳಿ.

ಮೂರು ತಿಂಗಳು ಕಾಯುವ ತಾಳ್ಮೆ ಗೇಟಣ್ಣನಿಗೆ ಎಲ್ಲಿಂದ ಬರಬೇಕು? ಯುಗಾದಿ ಮುಗಿದ ಭಾನುವಾರವೇ ಫೋನು ಮಾಡಿದರು. ಇಬ್ಬರೂ ಹೋದೆವು. ಹೋಟೆಲಿನ ಬೆಂಚಿನ ಕೆಳಗೆ ಮಲಗಿದ್ದಳು. ಮೈ ಮಿರಮಿರ ಅಂತಿತ್ತು. ಗೇಟಣ್ಣ ಬೆಂಚಿನ ಮೇಲೆ ಕೂತು ಟೀ ಹೇಳಿದರು, ಬಗ್ಗಿ ನೋಡಲಿಲ್ಲ. ಅರ್ಧ ಲೋಟ ಆಗುವಷ್ಟರಲ್ಲಿ ಕೆಳಗಿಂದ ಮೂಗು ಬಂತು, ಆಮೇಲೆ ತಲೆ. ಬಾಲ ಬೆಂಚಿನ ಕಾಲಿಗೆ ಟಪಟಪ ಬಡಿಯಿತು. ಮಂಡಿಗೆ ತಲೆ ಇಟ್ಟು ನಿಂತಳು, ಕೈ ನೆಕ್ಕಿದಳು, ಬಹಳ ಹೊತ್ತು. ಆಮೇಲೆ ನಿಧಾನಕ್ಕೆ ಹೋಗಿ ಅಜ್ಜಿಯ ಒಲೆ ಪಕ್ಕ ಮಲಗಿದಳು.

ತಿಪಟೂರಿನ ಕಡೆಯಿಂದ ಬಸ್ಸು ಬಂತು. ನಾವು ಎದ್ದೆವು. ಅವಳೂ ಎದ್ದಳು, ಹೋಟೆಲಿನ ಚಪ್ಪರದ ಅಂಚಿನವರೆಗೆ ಬಂದು ನಿಂತಳು. ನಾನು ಗೇಟಣ್ಣನ ಮುಖ ನೋಡುವ ಧೈರ್ಯ ಮಾಡಲಿಲ್ಲ. ಬಸ್ಸು ಹೊರಟಿತು. ಅವಳು ಚಪ್ಪರ ದಾಟಲಿಲ್ಲ. ಒಂದು ಕ್ಷಣ ನೋಡಿ, ತಿರುಗಿ ಒಳಗೆ ಹೋದಳು.

ಗುಬ್ಬಿ ಬರುವವರೆಗೆ ಗೇಟಣ್ಣ ಕಿಟಕಿಯಾಚೆ ನೋಡುತ್ತಿದ್ದರು. ಗುಬ್ಬಿಯಲ್ಲಿ ಕಡಲೆಕಾಯಿ ಪೊಟ್ಟಣ ತೆಗೆದುಕೊಂಡು ಅರ್ಧ ನನ್ನ ಕೈಗೆ ಸುರಿದರು.

“ದಪ್ಪ ಆಗವ್ಳೆ ಅಲ್ವೇನಪ್ಪಾ?” ಅಂದರು.